ಹಕ್ಕಿಗೆ ಪಾಠ ಹೇಳಿಕೊಟ್ಟವರು

“ಇದನ್ನ ಯಾರು ಹೇಳಿಕೊಟ್ರಪ್ಪ ನಿಂಗೆ?”

ಯಾರನ್ನು ಕೇಳಿದೆನೋ ನನಗೇ ಗೊತ್ತಿಲ್ಲ. ಹಕ್ಕಿ ಕಣ್ಣಿಗೆ ಬಿದ್ದಿರಲಿಲ್ಲ, ಕಣಿವೆಯಲ್ಲಿ ಆ ಬೆಳಿಗ್ಗೆ ನಾನಲ್ಲದೆ ಬೇರೆ ನರಪಿಳ್ಳೆಯೂ ಇರಲಿಲ್ಲ. ಜುಲೈ ಅಂದರೆ ನಮ್ಮ ಕಡೆ ನಡುಚಳಿಗಾಲ. ಮರದೆತ್ತರ ಬೆಳೆದ ಜರೀಗಿಡಗಳಿಂದ ಮಂಜು ತೊಟ್ಟಿಕ್ಕುತ್ತಿತ್ತು. ಕಾಲುಚೀಲದ ಅಂಚಿನಲ್ಲಿ ಜಿಗಣೆಯೊಂದು ಜಾಗ ಹುಡುಕುತ್ತಿತ್ತು. ಅದನ್ನು ಕೀಳಲು ಬಗ್ಗಿದವಳು ಬಗ್ಗಿದ ಹಾಗೆಯೇ ನಿಂತುಬಿಟ್ಟೆ.

ಪೊದೆಯ ಆಚೆ ಲೈರ್ ಹಕ್ಕಿ ಹಾಡುತ್ತಿತ್ತು. ಅದಕ್ಕೆ ಸ್ವಂತದ್ದಕ್ಕಿಂತ ಕೇಳಿ ಕಲಿತದ್ದೇ ಹೆಚ್ಚು. ಮೊದಲು ಕೂಕಬರಾ ಹಕ್ಕಿಯ ನಗು, ಆಮೇಲೆ ಚಾಟಿಹಕ್ಕಿಯ ಛಟೀರ್, ಅದರ ಹಿಂದೆ ಗಿಳಿಗಳ ಜಗಳ. ಇವೆಲ್ಲ ಆ ಹಕ್ಕಿಗೆ ಹೇಗೋ ನನಗೂ ಹಾಗೆ ಬಾಯಿಪಾಠ. ಆದರೆ ಗಿಳಿಗಳಾದ ಮೇಲೆ ಬಂದದ್ದು ಹೊಸದು. ಬಲು ಎತ್ತರದಿಂದ ಏನೋ ಜಾರಿ ಬೀಳುತ್ತಿರುವಂತೆ ಇಳಿದು ಇಳಿದು ಹೋಗುವ ಉದ್ದನೆಯ ಚೀತ್ಕಾರ.

ಅದು ಮಸಿಗೂಬೆಯ ಕೂಗು. ಅದನ್ನು ನಾನು ಕೇಳಿದ್ದು ಯಾವ ಕಾಲದಲ್ಲೋ, ದೂರದ ಬೇರೆ ಬೆಟ್ಟಗಳಲ್ಲಿ. ನಮ್ಮ ಹಾರ್ಟ್‌ನೆಲ್ ಕಣಿವೆಯಲ್ಲಿ ಮಸಿಗೂಬೆ ಇದೆಯೆಂದು ನಂಬಿದ್ದವನು ಒಬ್ಬನೇ, ನನ್ನ ಗಂಡ ಕ್ಲೆಮ್.

ಕಾಡಂಚಿನ ತೊಟ್ಟಿಯ ಹತ್ತಿರ ಬೂಟಿನ ಮಣ್ಣನ್ನು ಬ್ರಷ್ಷಿನಿಂದ ಉಜ್ಜಿ, ಬೇರುಕೊಳೆಯ ರೋಗ ಅಂಟಿಕೊಂಡು ಬಾರದಿರಲೆಂದು ಔಷಧಿ ಸಿಂಪಡಿಸಿ, ಓಡುನಡಿಗೆಯಲ್ಲಿ ಮನೆಗೆ ಬಂದೆ. ಕ್ಲೆಮ್ ಒಲೆಯ ಮುಂದೆ ಓಟ್ಸ್ ಗಂಜಿ ತಿರುವುತ್ತಿದ್ದ.

“ಕ್ಲೆಮ್, ನಿನ್ನ ಗೂಬೆ ಕೂಗ್ತು.”

ಸೌಟು ನಿಂತಿತು. “ಹಾಡುಹಗಲಲ್ಲಾ?”

“ಗೂಬೆ ಅಲ್ಲ ಕಣೋ, ಲೈರ್ ಹಕ್ಕಿ. ಗೂಬೆ ಥರಾನೇ ಕೂಗ್ತು.”

“ಅಂದ್ರೆ ಅದು ಕೇಳಿರ್ಬೇಕಲ್ವೇನೇ?” ಅವನು ಸೌಟು ಹಿಡಿದೇ ಕಿಟಕಿಯ ಹತ್ತಿರ ಹೋದ. “ಕೇಳದೆ ಎಲ್ಲಿಂದ ಕಲೀತು? ಗೂಬೆ ಇಲ್ಲೇ ಎಲ್ಲೋ ಇದೆ!”

“ಗಂಜಿ ತಳ ಹಿಡೀತಿದೆ.”

“ಹಿಡೀಲಿ ಬಿಡು!”

ಕ್ಲೆಮ್ ಅಲ್ಲಿಯವರೆಗೆ ಎಂದೂ ಗಂಜಿಯನ್ನು ತಳ ಹಿಡಿಯಲು ಬಿಟ್ಟವನಲ್ಲ. ಎಷ್ಟೋ ವರ್ಷಗಳಿಂದ ಅವನು ಮುಸ್ಸಂಜೆ ಹೊತ್ತಿಗೆ ಹಳೆಯ ಪೆಟ್ಟಿಗೆಯೊಂದನ್ನು ಹೆಗಲಿಗೆ ಹಾಕಿಕೊಂಡು ಕಣಿವೆಗೆ ಇಳಿಯುತ್ತಿದ್ದ. ಪೆಟ್ಟಿಗೆಯಲ್ಲಿ ಮಸಿಗೂಬೆಯ ಕೂಗು ತುಂಬಿಸಿಟ್ಟಿದ್ದ. ಗುಂಡಿ ಒತ್ತಿ ಕೂಗಿಸುವುದು, ಕತ್ತಲಲ್ಲಿ ಉತ್ತರಕ್ಕೆ ಕಾಯುವುದು, ಮತ್ತೆ ಕೂಗಿಸುವುದು. ಒಂದು ದಿನವೂ ಉತ್ತರ ಬಂದಿರಲಿಲ್ಲ. ನಾನು ಆ ಹೊತ್ತಿಗೆ ಚರ್ಚಿನ ಹಾಡಿನ ಅಭ್ಯಾಸಕ್ಕೆ ಹೋಗಿರುತ್ತಿದ್ದೆ. “ಉತ್ತರ ಕೊಡದವರನ್ನ ಕರೀತಾ ಕೂರೋದ್ರಲ್ಲಿ ನಾವಿಬ್ರೂ ಒಂದೇ” ಎಂದು ಅವನು ಚೇಷ್ಟೆ ಮಾಡುತ್ತಿದ್ದ. ನಾನು ಚೇಷ್ಟೆಗೆ ಉತ್ತರ ಕೊಡುತ್ತಿರಲಿಲ್ಲ, ಅವನಿಗಾಗಿ ಪ್ರಾರ್ಥಿಸುತ್ತಿದ್ದೆ.

ಈ ವರ್ಷ ಗೂಬೆಯ ಹುಡುಕಾಟ ಚೇಷ್ಟೆಯಾಗಿ ಉಳಿದಿರಲಿಲ್ಲ. ಗುಡ್ಡದ ತುದಿಯಲ್ಲಿ ಪ್ರವಾಸಿಗರಿಗೊಂದು ಅಟ್ಟಣೆ ಕಟ್ಟಿ, ಅದಕ್ಕೆ ಕಣಿವೆಯ ನಡುವೆಯೇ ಡಾಂಬರು ರಸ್ತೆ ಎಳೆಯಬೇಕೆಂದು ಪುರಸಭೆ ಹೊರಟಿತ್ತು. ಅಪರೂಪದ ಗೂಬೆ ಅಲ್ಲಿದೆಯೆಂದು ತೋರಿಸಿದರೆ ರಸ್ತೆಯನ್ನು ಬೋಳುಗುಡ್ಡದ ಆ ಮಗ್ಗುಲಿಗೆ ತಿರುಗಿಸಬೇಕಾಗುತ್ತಿತ್ತು. ತೋರಿಸದಿದ್ದರೆ ಜರೀಗಿಡಗಳ ಮೇಲೆ ಯಂತ್ರ ಹರಿಯುತ್ತಿತ್ತು. ಅದನ್ನು ತೀರ್ಮಾನಿಸುವ ಸಭೆ ಮರುದಿನವೇ.

ಸುಟ್ಟ ಗಂಜಿಯನ್ನು ಕೋಳಿಗಳಿಗೆ ಸುರಿದು ಇಬ್ಬರೂ ಕಣಿವೆಗೆ ಹೋದೆವು. ನೀರಿನ ಸದ್ದು, ಗಾಳಿ, ಕ್ಲೆಮ್‌ನ ಏದುಸಿರು. ಬಹಳ ಹೊತ್ತು ಕಾದ ಮೇಲೆ ಹಕ್ಕಿ ಕಾಣಿಸಿತು. ತಾನೇ ಕೆರೆದು ಮಾಡಿಕೊಂಡ ಮಣ್ಣಿನ ಜಗಲಿಯ ಮೇಲೆ ನಿಂತು, ಬೆಳ್ಳಿಯ ಬಾಲವನ್ನು ತಲೆಯ ಮೇಲಿಂದ ಮುಂದಕ್ಕೆ ಚೆಲ್ಲಿಕೊಂಡು, ಒಂದೇ ಸಮನೆ ಹಾಡಿತು. ಗಿಳಿಗಳ ಜಗಳ ಮುಗಿಯಿತು. ಚೀತ್ಕಾರ ಬಂತು. ಕ್ಲೆಮ್ ಅಂಗೈಯಷ್ಟಿದ್ದ ರೆಕಾರ್ಡರನ್ನು ಎರಡೂ ಕೈಯಲ್ಲಿ ಹಿಡಿದಿದ್ದ.

ಸಂಜೆ ಡಲ್ಸಿ ಬಂದಳು. ಕಣಿವೆ ಉಳಿಸುವ ಬಳಗ ಕಟ್ಟಿದವಳು ಅವಳೇ. ತೋಟದ ನಿಂಬೆಹಣ್ಣಿನ ಚೀಲವನ್ನು ಅಡುಗೆಮನೆಯ ಮೇಜಿನ ಮೇಲೆ ಧೊಪ್ಪೆಂದು ಇಟ್ಟಳು.

“ಏನೋ ಗೂಬೆ, ಕೊನೆಗೂ ನಿನ್ನ ನೆಂಟ ಸಿಕ್ಕಿದ್ನಂತೆ?”

“ನೆಂಟ ಸಿಕ್ಕಿಲ್ಲ, ನೆಂಟನ ಸುದ್ದಿ ಹೇಳೋನು ಸಿಕ್ಕಿದಾನೆ” ಅಂದ ಕ್ಲೆಮ್.

ಡಲ್ಸಿ ರೆಕಾರ್ಡರಿನಲ್ಲಿದ್ದ ಹಾಡನ್ನು ಮತ್ತೆ ಮತ್ತೆ ಹಾಕಿಸಿಕೊಂಡು ಕೇಳಿ ಕಣ್ಣೊರೆಸಿಕೊಂಡಳು. “ಸಾಕು ಕಣೋ, ಇಷ್ಟು ಸಾಕು. ಹಕ್ಕಿ ಬಾಯಲ್ಲಿ ಬಂದಿದ್ದನ್ನ ಸುಳ್ಳು ಅನ್ನೋಕಾಗುತ್ತಾ ಅವರಿಗೆ? ನಾಳೆ ಬೇಗ ಬಾ. ಆ ಮೊಣಕೈ ಹರಿದ ಸ್ವೆಟರ್ ಬೇಡ. ಎನಿಡ್, ಇವನಿಗೆ ಒಂದು ಕೋಟು ಹುಡುಕಿಕೊಡೇ.”

ಅವಳು ಹೋದ ಮೇಲೆ ನಾನು ರೆಕಾರ್ಡರಿನ ತಂತಿಗಳನ್ನು ಕಿವಿಗೆ ಸಿಕ್ಕಿಸಿಕೊಂಡು ಕುಳಿತೆ. ಸುಮ್ಮನೆ ಕೇಳುವ ಆಸೆ. ನಾನು ಕೇಳಿಯೇ ಬೆಳೆದವಳು. ನಮ್ಮ ಮನೆಯಲ್ಲಿ ಊಟದ ಮೊದಲು ಅಜ್ಜ ಕೀರ್ತನೆಗಳನ್ನು ಪುಸ್ತಕ ನೋಡದೆ ಹೇಳುತ್ತಿದ್ದರು. ನಾವು ಮಕ್ಕಳು ಆರುತ್ತಿರುವ ಸಾರಿನ ಮುಂದೆ ಕುಳಿತು ಕಿವಿಯಿಂದಲೇ ಕಲಿತೆವು.

ನೀರಿನ ಸದ್ದಿನ ನಡುವೆ ಚೀತ್ಕಾರ ಇಳಿದು ನಿಂತಿತು. ನಿಂತ ಮೇಲೆ ಇನ್ನೇನೋ ಇತ್ತು. ಕೂದಲೆಳೆಯಷ್ಟು ಸಣ್ಣ ದನಿ. ಟಿಂವ್, ಟಿಂವ್.

“ಕ್ಲೆಮ್, ಗೂಬೆ ಆದ್ಮೇಲೆ ಪುಟ್ಟದೊಂದು ದನಿ ಇದೆ ನೋಡು. ಯಾವ ಹಕ್ಕಿದು?”

ಅವನು ತಂತಿ ಸಿಕ್ಕಿಸಿಕೊಂಡು ಕೇಳಿದ. ಇಲ್ಲವೆಂದು ತಲೆಯಾಡಿಸಿದ. “ಅಂಥ ಕೀಚಲು ದನಿ ಈ ವಯಸ್ಸಲ್ಲಿ ನಂಗೆ ಕೇಳ್ಸಲ್ಲ ಅಂತ ಗೊತ್ತಲ್ಲ ನಿಂಗೆ. ಗುಬ್ಬಚ್ಚಿ ಜಾತೀದು ಇರ್ಬೇಕು.”

“ಊಹೂಂ. ಗುಬ್ಬಚ್ಚಿ ಇಷ್ಟು ಅಚ್ಚುಕಟ್ಟಾಗಿ ಕೂಗಲ್ಲ. ನಿಜವಾದ ಗೂಬೆ ಕೂಗಿನ ಕೊನೇಲಿ ಹೀಗೇ ಇರುತ್ತೇನೋ. ನಿನ್ನ ಪೆಟ್ಟಿಗೇದು ಹಾಕು.”

“ಮನೇಲಾ? ಕೋಳಿಗಳು ಎದೆ ಒಡ್ಕೊಂಡು ಸಾಯ್ತವೆ. ನೀನೇ ತಾನೇ ಹಾಕ್ಬೇಡ ಅಂದಿದ್ದು?”

“ಒಂದೇ ಒಂದ್ಸಲ.”

ಪೆಟ್ಟಿಗೆ ತಂದು ನಿಂಬೆಹಣ್ಣುಗಳ ಪಕ್ಕದಲ್ಲಿಟ್ಟು ಗುಂಡಿ ಒತ್ತಿದ. ಚೀತ್ಕಾರ ಅಡುಗೆಮನೆಯ ಗೋಡೆಗೋಡೆಗೂ ಬಡಿಯಿತು. ಹಿತ್ತಲಲ್ಲಿ ಕೋಳಿಗಳು ಒಟ್ಟಾಗಿ ಬೊಬ್ಬೆ ಹಾಕಿದವು. ಕ್ಲೆಮ್ ನಗುತ್ತಾ ಅವುಗಳತ್ತ ತಿರುಗಿದ. ಆಗ, ಕೂಗು ಮುಗಿದ ಮೇಲೆ, ತನ್ನ ಕೆಲಸವಾಯಿತೆಂದು ಪೆಟ್ಟಿಗೆ ಹೇಳಿತು: ಟಿಂವ್, ಟಿಂವ್.

ಅವನಿಗೆ ಕೇಳಿಸಲಿಲ್ಲ. ಅಷ್ಟು ವರ್ಷ ಆ ಪೆಟ್ಟಿಗೆ ಹೊತ್ತವನಿಗೆ ಅದು ಹಾಗನ್ನುತ್ತದೆ ಎಂಬುದೇ ಗೊತ್ತಿರಲಿಲ್ಲ.

ನನಗೆ ಅಜ್ಜನ ಕೆಮ್ಮು ನೆನಪಾಯಿತು. ಒಂದು ಕೀರ್ತನೆಯ ನಡುವೆ, ಹಸಿರು ಹುಲ್ಲುಗಾವಲಿನ ಮಾತು ಬಂದ ಕೂಡಲೇ, ಅವರು ತಪ್ಪದೆ ಕೆಮ್ಮುತ್ತಿದ್ದರು. ಚರ್ಚಿನ ಭಾನುವಾರದ ಶಾಲೆಯಲ್ಲಿ ನನ್ನ ಕೈಲಿ ಮೊದಲ ಸಲ ಹೇಳಿಸಿದಾಗ ನಾನೂ ಅಲ್ಲಿ ನಿಲ್ಲಿಸಿ, ಶ್ರದ್ಧೆಯಿಂದ ಕೆಮ್ಮಿ, ಮುಂದೆ ಹೇಳಿದೆ. ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ಕೆಮ್ಮು ದೇವರ ವಾಕ್ಯದ್ದಲ್ಲ, ಅಜ್ಜನದ್ದೆಂದು ನನಗೆ ಯಾರೂ ಹೇಳಿರಲಿಲ್ಲ.

ಆ ಹಕ್ಕಿಗೂ ಯಾರೂ ಹೇಳಿರಲಿಲ್ಲ.

“ಏನಾಯ್ತೇ? ಮುಖ ಯಾಕೆ ಹಾಗಾಯ್ತು?”

ಹೇಳಿದೆ. ಅವನು ನಂಬಲಿಲ್ಲ. ಮತ್ತೆ ಪೆಟ್ಟಿಗೆ ಹಾಕಿದ, ಮತ್ತೆ ಕೋಳಿಗಳು ಕಿರುಚಿದವು, ಸದ್ದು ಬಂದಾಗ ನಾನು ಬೆರಳೆತ್ತಿ ತೋರಿಸಿದೆ. ರೆಕಾರ್ಡರ್ ಹಾಕಿದ, ಬೆರಳೆತ್ತಿದೆ. ಎರಡರಲ್ಲೂ ಬೆರಳು ಅದೇ ಜಾಗದಲ್ಲಿ ಎದ್ದಿತು. ಕ್ಲೆಮ್ ನನ್ನ ಬೆರಳನ್ನೇ ನೋಡುತ್ತಾ ಕುಳಿತ. ಆಮೇಲೆ ಮೆಲ್ಲಗೆ ನಗಲು ಶುರು ಮಾಡಿದ.

“ಮೇಷ್ಟ್ರು ನಾನೇ ಅನ್ನು. ಇಷ್ಟು ವರ್ಷದಲ್ಲಿ ನನ್ನ ಪಾಠ ಕೇಳಿದ ಒಂದೇ ಒಂದು ಪ್ರಾಣಿ!”

ನನಗೆ ನಗು ಬರಲಿಲ್ಲ. ಮರುದಿನದ ಸಭೆ ಕಣ್ಣ ಮುಂದಿತ್ತು. ಮಣ್ಣಿನ ಜಗಲಿ, ಅದರ ಮೇಲೆ ಹಾಸಿದ ಡಾಂಬರು. ಮುಂದಿನ ಚಳಿಗಾಲಕ್ಕೆ ಆ ಹಕ್ಕಿ ಉಳಿದಿದ್ದರೆ, ಅದರ ಗಂಟಲಲ್ಲಿ ಹಿಂದಕ್ಕೆ ಬರುವ ಲಾರಿಯ ಪೀಂ ಪೀಂ.

“ಆ ಚೂರನ್ನ ತೆಗೆದುಬಿಡು ಕ್ಲೆಮ್” ಅಂದೆ. “ಕಂಪ್ಯೂಟರಿನಲ್ಲಿ ಆಗುತ್ತಲ್ಲ. ನಿಂಗಂತೂ ಕೇಳಲ್ಲ, ಡಲ್ಸಿಗೂ ಕೇಳ್ಸಿಲ್ಲ. ನಾಳೆ ಅಲ್ಲಿ ಕೂತಿರೋರೂ ನಮ್ಮ ವಯಸ್ಸಿನೋರೇ.”

ಅವನ ನಗು ನಿಂತಿತು. “ಭಾನುವಾರದ ಶಾಲೆ ಟೀಚರಮ್ಮಾನಾ ಹೇಳ್ತಿರೋದು?”

“ಹೌದು, ಅವಳೇ.”

“ಕಾಣಲ್ಲ ಕೇಳಲ್ಲ ಅಂತ ಇಲ್ಲ ಅನ್ಬೇಡ ಅಂತ ಮದ್ವೆ ಆದಾಗಿಂದ ನನ್ನ ಪ್ರಾಣ ತಿಂದೋಳು ನೀನು. ಈಗ ನೋಡಿದ್ರೆ...”

“ಅದು ದೇವರ ವಿಷಯ.”

“ಇದು ಗೂಬೆ ವಿಷಯ. ಗೂಬೆ ಇಲ್ಲ ಕಣೇ ಅಲ್ಲಿ. ನಾನಿದೀನಿ ಅಷ್ಟೆ.”

“ಆ ಹಕ್ಕಿ ಇದೆಯಲ್ಲ! ಅದು ಅಪರೂಪ ಅಲ್ದೇ ಇರ್ಬಹುದು, ಅದಕ್ಕೂ ಒಂದು ಜಾಗ ಬೇಡ್ವಾ?”

“ಬೇಕು. ನಾಳೆ ಹೋಗಿ ಅದನ್ನೇ ಹೇಳ್ತೀನಿ.”

“ಅದನ್ನ ಹೇಳಿದ್ರೆ ನಗ್ತಾರೆ. ರಸ್ತೆ ಬರುತ್ತೆ.”

ರಸ್ತೆ ಬರುತ್ತದೆಂದು ಅವನಿಗೂ ಗೊತ್ತಿತ್ತು. ಮೇಜಿನ ಮೇಲೆ ಉರುಳಿದ್ದ ನಿಂಬೆಹಣ್ಣೊಂದನ್ನು ಎತ್ತಿ ಚೀಲಕ್ಕೆ ಹಾಕಿದ. ಹಿತ್ತಲಲ್ಲಿ ಕೋಳಿಗಳು ಇನ್ನೂ ಗೊಣಗುತ್ತಿದ್ದವು.

ನಾನು ಕೈ ಚಾಚಿದೆ. “ನೀನು ಮಾಡ್ಬೇಡ. ರೆಕಾರ್ಡರ್ ಇಲ್ಲಿ ಕೊಡು, ನಾನೇ ಕತ್ತರಿಸ್ತೀನಿ.”

ಅವನು ಅದನ್ನು ಹರಿದ ಸ್ವೆಟರಿನ ಒಳಗೆ ಅಂಗಿಯ ಜೇಬಿಗೆ ಇಳಿಸಿ, ಗುಂಡಿ ಹಾಕಿಕೊಂಡ.

“ಕೊಡಲ್ಲ” ಅಂದ.