ಸಿಂಗಾಪುರದ ಶಿಲಾಬಾಲಿಕೆಯರು

ಆನಂದಪ್ಪ ಮನೆಗೆ ಬಂದು ಕೇಳಿದಾಗ ಸರಳಾ ಆಗೋದಿಲ್ಲ ಅನ್ನಬಹುದಿತ್ತು. ಅವರೇನೂ ಬಲವಂತ ಮಾಡಲಿಲ್ಲ. ಚಪ್ಪಲಿಯನ್ನು ಕೆಳಗಿನ ಮೆಟ್ಟಿಲ ಹತ್ತಿರವೇ ಬಿಟ್ಟು ಮಹಡಿ ಹತ್ತಿ ಬಂದರು. ನಟರಾಜನ ಮೂರ್ತಿಗೆ ಕೈಮುಗಿದು, ಹುಡುಗಿಯರ ಪಕ್ಕ ಚಾಪೆಯ ಮೇಲೇ ಕೂತರು. ಅಟ್ಟೂರಿನ ಆ ಕೋಣೆಯಲ್ಲಿ ಸರಳಾ ಇಪ್ಪತ್ತೆರಡು ವರ್ಷದಿಂದ ಭರತನಾಟ್ಯ ಹೇಳಿಕೊಡುತ್ತಿದ್ದಳು. ಮಗಳನ್ನು ಕರೆದೊಯ್ಯಲು ಬಂದ ಗಂಡಸರು ಬಾಗಿಲಲ್ಲೇ ನಿಂತು ಫೋನು ನೋಡುತ್ತಿದ್ದರೇ ಹೊರತು ಒಳಗೆ ಬಂದು ಹೀಗೆ ಕೂತವರನ್ನು ಅವಳು ಕಂಡಿರಲಿಲ್ಲ.

"ಸರಳಮ್ಮಾ, ಇಲ್ಲೇ ಪಕ್ಕದ ಸಿಂಗಾಪುರದಾಗೆ ನಮ್ಮ ದ್ರಾಕ್ಷಿ ತೋಟ ಇತ್ತಲ್ಲ, ಅಲ್ಲೊಂದು ಹಾಲ್ ಕಟ್ಟಿವ್ನಿ," ಅಂದರು ಆನಂದಪ್ಪ. "ಎಲ್ರೂ ಕಟ್ಟೋ ಮದುವೆ ಹಾಲ್ ಅಲ್ಲ. ಟೂರ್ನಾಗೆ ರೋಮ್ ನೋಡ್ದೆ, ಆಗ್ರಾ ನೋಡ್ದೆ, ಜಪಾನ್ ನೋಡ್ದೆ. ನಮ್ಮ ಜನ ಅಲ್ಲೆಲ್ಲ ಯಾವಾಗ ಓಗ್ತಾರೆ? ಅದಕ್ಕೇ ಎಲ್ಲಾನೂ ಒಂದೇ ಕಡೆ ತಂದಿವ್ನಿ. ಬೇಲೂರು ಒಂದು ಬಾಕಿ ಅದೆ."

ಬೇಲೂರನ್ನು ಅವರು ಸರಳಾಳ ಹುಡುಗಿಯರಿಂದ ತರಬೇಕೆಂದಿದ್ದರು. ಹಾಲ್ ಉದ್ಘಾಟನೆಯ ಭಾನುವಾರ ಬೆಳಿಗ್ಗೆ ಆರು ಹುಡುಗಿಯರು ಮೈಗೆ ಕಲ್ಲಿನ ಬಣ್ಣ ಬಳಿದುಕೊಂಡು ಮುಂಬಾಗಿಲ ಪೀಠಗಳ ಮೇಲೆ ಶಿಲಾಬಾಲಿಕೆಯರಂತೆ ನಿಲ್ಲಬೇಕು.

"ಒಂದು ಗಂಟೆ ಅಷ್ಟೇಯ. ಆಮೇಲೆ ಸ್ಟೇಜ್ ನಿಮ್ದು. ಇಪ್ಪತ್ತು ನಿಮಿಷ ಏನ್ ಬೇಕಾದ್ರೂ ಕುಣ್ಸಿ. ಎರಡು ಸಾವಿರ ಜನ ಕೂತು ನೋಡ್ತಾರೆ."

ಎರಡು ಸಾವಿರ. ಸರಳಾಳ ವಾರ್ಷಿಕೋತ್ಸವಗಳಿಗೆ ಎಂಬತ್ತು ಜನ ಬಂದರೆ ಹೆಚ್ಚು. ಅವರಲ್ಲಿ ಅರ್ಧದಷ್ಟು ಜನ ತಮ್ಮ ಮಗುವಿನ ಸರದಿ ಮುಗಿದ ಕೂಡಲೇ ಎದ್ದು ಹೋಗುತ್ತಿದ್ದರು. ಈ ಸಲ ಅವಳ ಬಳಿ ತೋರಿಸಲು ನಿಜವಾಗಿಯೂ ಏನೋ ಇತ್ತು. ಚಿಕ್ಕಬಾಣಾವರದಿಂದ ಎರಡು ಬಸ್ಸು ಬದಲಿಸಿ ಬರುವ ಸ್ನೇಹಾ ಏಳನೇ ವಯಸ್ಸಿನಿಂದ ಕಲಿಯುತ್ತಿದ್ದಳು. ಈಗ ಹತ್ತೊಂಬತ್ತು. ಅವಳಿಗೆಂದೇ ಸರಳಾ ಎಂಟು ತಿಂಗಳು ಕೂತು ಭೈರವಿ ರಾಗದ ಒಂದು ವರ್ಣ ಜೋಡಿಸಿದ್ದಳು. ಅದು ನಲವತ್ತು ನಿಮಿಷದ ನೃತ್ಯ. ಆನಂದಪ್ಪ ಹೋದ ಮೇಲೆ ಅವಳು ಪುಸ್ತಕ ತೆಗೆದು, ಪೆನ್ಸಿಲಿನಲ್ಲಿ ಗೆರೆ ಹೊಡೆದು, ಅದನ್ನು ಇಪ್ಪತ್ತಕ್ಕೆ ಇಳಿಸಿದಳು.

ಮಾರ್ಚ್ ತಿಂಗಳ ಆ ಭಾನುವಾರ ಒಂಬತ್ತಕ್ಕೆಲ್ಲ ಬಿಸಿಲು ಏರಿತ್ತು. ಹಾಲಿನ ಮುಂದೆ ನಾಲ್ಕು ರೋಮನ್ ಕಂಬಗಳು ನಿಂತಿದ್ದವು. ಸರಳಾ ಹಾದುಹೋಗುವಾಗ ಒಂದನ್ನು ಬೆರಳ ಗೆಣ್ಣಿನಿಂದ ತಟ್ಟಿದಳು. ಖಾಲಿ ಡ್ರಮ್ಮಿನ ಸದ್ದು ಬಂತು. ಬಿಸಿಲಿಗೆ ಕಾದ ಫೈಬರಿನಿಂದ ಮೂಗು ಉರಿಯುವಂಥ ವಾಸನೆ ಏಳುತ್ತಿತ್ತು. ಎಡಗಡೆ ಮೊಘಲ್ ತೋಟ: ಪ್ಲಾಸ್ಟಿಕ್ ಹುಲ್ಲಿನ ನಾಲ್ಕು ಚೌಕ, ನಡುವೆ ನೀಲಿ ಟೈಲ್ಸಿನ ಕಾಲುವೆ. ಕಾರಂಜಿಗೆ ಬಿಟ್ಟದ್ದು ಶುದ್ಧಿ ಮಾಡಿದ ಚರಂಡಿ ನೀರು, ಪೂರ್ತಿ ಶುದ್ಧವಾಗಿರಲಿಲ್ಲ. ಅದರ ನಾತ ಮುಚ್ಚಲು ಯಾರೋ ಕೊಡಗಟ್ಟಲೆ ಪನ್ನೀರು ಸುರಿದಿದ್ದರು. ಬಲಗಡೆ ಜಪಾನ್ ತೋಟ. ಬಿಳಿ ಜಲ್ಲಿಯ ಮೇಲೆ ಬಾಚಣಿಗೆಯಲ್ಲಿ ಎಳೆದಂತೆ ಗೆರೆಗಳು; ಆ ಗೆರೆಗಳ ಮೇಲೆ ಅಡುಗೆಯವರು ಕೊತ್ತಂಬರಿ ಮೂಟೆ ಇಳಿಸಿದ್ದರು.

ಬಣ್ಣ ಬಳಿದುಕೊಳ್ಳಲು ಕೊಟ್ಟಿದ್ದು ಶೌಚಾಲಯದ ಪಕ್ಕದ ಸಾಮಾನು ಕೋಣೆ. ಅಲ್ಲಿ ಮೊದಲೇ ಒಬ್ಬ ಮೂವತ್ತೈದರ ಆಸುಪಾಸಿನ ಗಂಡಸು ಜರಿಯ ಅಂಗಿ ತೊಟ್ಟು ಸಾರಂಗಿ ಹಿಡಿದು ಕೂತಿದ್ದ. ಹುಡುಗಿಯರನ್ನು ಕಂಡು ಎದ್ದು ಹೊರಗೆ ಹೋದ. ಸರಳಾ ಹಿಂದೆಯೇ ಹೋಗಿ, ತೊಂದರೆ ಕೊಟ್ಟೆವಲ್ಲ ಅಂದಳು.

"ಪರ್ವಾಗಿಲ್ಲ ಮೇಡಂ. ನಾನು ಫರ್ಹಾನ್, ಆರ್.ಟಿ. ನಗರ. ಮೊಘಲ್ ಗಾರ್ಡನ್‌ನಲ್ಲಿ ಕೂತ್ಕೋಬೇಕು ನಾನು."

"ಏನ್ ನುಡಿಸ್ತೀರಿ?"

"ಏನೂ ಇಲ್ಲ. ಹಾಡು ಸ್ಪೀಕರ್‌ನಲ್ಲಿ ಬರತ್ತೆ. ನಾನು ಬಿಲ್ಲು ಆಡಿಸ್ಬೇಕು, ಅಷ್ಟೇ. ಸಾರಂಗಿ ಅಳೋ ಹಾಗೆ ಕೇಳ್ಸುತ್ತೆ, ಶುಭಕಾರ್ಯಕ್ಕೆ ಬೇಡ ಅಂದ್ರು." ಅವನು ಬಿಲ್ಲನ್ನು ಎತ್ತಿ ತೋರಿಸಿದ. "ರಾಳ ಹಚ್ಚದೆ ಇರೋದು ತಂದಿದ್ದೀನಿ. ಎಷ್ಟು ಎಳೆದ್ರೂ ಸದ್ದು ಬರಲ್ಲ."

"ನಿಮಗೆ ಹೇಸಿಗೆ ಅನ್ಸಲ್ವಾ?"

ಬಾಯಿ ತಪ್ಪಿ ಬಂದ ಮಾತು. ಫರ್ಹಾನ್ ಬೇಸರಪಡಲಿಲ್ಲ. "ನಮ್ಮ ತಾತ ಹೇಳೋರು, ಅಂಥ ತೋಟದಲ್ಲಿ ನೀರು ಹರಿಸೋದು ನೋಡೋಕಲ್ಲ, ಕೇಳೋಕೆ ಅಂತ. ನೀರು ಕೇಳ್ತಾ ಕೇಳ್ತಾ ಜನ ಸುಮ್ನಾಗ್ತಾರೆ, ಆಗ ನುಡಿಸ್ಬೇಕು. ಇಲ್ಲಿ ಯಾರು ಸುಮ್ನಿರ್ತಾರೆ ಮೇಡಂ? ನೀವೂ ಬಂದಿದ್ದೀರಲ್ಲ."

ನಮ್ಮದು ಬೇರೆ, ನಮಗೆ ಸ್ಟೇಜ್ ಇದೆ ಎಂದು ಸರಳಾ ಮನಸ್ಸಿನಲ್ಲೇ ಅಂದುಕೊಂಡಳು. ಅವನ ಬಗ್ಗೆ ಒಂದು ಬಗೆಯ ತಾತ್ಸಾರವೂ ಬಂತು.

ಹನ್ನೊಂದಕ್ಕೆ ಹುಡುಗಿಯರು ಪೀಠ ಏರಿದರು. ಸ್ನೇಹಾ ದರ್ಪಣ ಸುಂದರಿ. ಎಡಗೈಯಲ್ಲಿ ಕನ್ನಡಿ ಎತ್ತಿ ಹಿಡಿದು, ಬಲಗೈಯ ಬೆರಳುಗಳನ್ನು ಹಣೆಯ ಬಳಿ ಹೂವಿನಂತೆ ಕೂಡಿಸಿ, ಸೊಂಟ ಒಂದು ಕಡೆಗೆ ವಾಲಿಸಿ, ಭಾರವನ್ನೆಲ್ಲ ಒಂದೇ ಕಾಲಿಗೆ ಕೊಟ್ಟು ನಿಂತಳು. ಕನ್ನಡಿ ಮಾತ್ರ ನಿಜವಾದದ್ದು. ಸರಳಾ ಅವಳು ನಿಂತ ರೀತಿಯನ್ನೇ ನೋಡುತ್ತಾ ನಿಂತಳು. ಬೇಲೂರಿನಲ್ಲಿ ಕುತ್ತಿಗೆ ನೋಯುವ ತನಕ ತಲೆ ಎತ್ತಿ ನೋಡಿ ತಾನು ಕಲಿತದ್ದೆಲ್ಲ ಈ ಹುಡುಗಿಯ ಮೈಯೊಳಗೆ ಇಳಿದಿತ್ತು. ಒಂದು ಗಂಟೆ, ಆಮೇಲೆ ಇವಳು ಯಾರು ಅಂತ ಇವರಿಗೆ ಗೊತ್ತಾಗುತ್ತದೆ.

ಜನ ಬರತೊಡಗಿದರು. ಮೊದಮೊದಲು ದೂರ ನಿಂತು ಫೋಟೋ ತೆಗೆದರು. ಆಮೇಲೆ ಹತ್ತಿರ ಬಂದು ಭುಜಕ್ಕೆ ಭುಜ ತಾಗಿಸಿ ತೆಗೆಸಿಕೊಂಡರು. ಒಬ್ಬ ಹೆಂಗಸು ಸ್ನೇಹಾಳ ತೋಳನ್ನು ಉಗುರಿನಿಂದ ಕೆರೆದು, ಪುಡಿಯನ್ನು ಮೂಸಿ, "ಪೇಂಟು ಕಣ್ರೀ, ಒಳಗೆ ಚರ್ಮ," ಅಂದಳು. ಒಬ್ಬ ಹುಡುಗ ಅವಳ ಪಾದಕ್ಕೆ ಕಚಗುಳಿ ಇಟ್ಟ. ಅವನ ಅಪ್ಪ ವಿಡಿಯೋ ಮಾಡುತ್ತಾ, "ಇನ್ನೊಂದ್ಸಲ ಮಾಡು ಮಗಾ, ಅಲ್ಲಾಡ್ತಾಳಾ ನೋಡೋಣ," ಅಂದ. ಕಡೆಯ ಪೀಠದ ಹುಡುಗಿಯ ಸೊಂಟಕ್ಕೆ ಕೈಹಾಕಿ ನಿಂತ ಮುದುಕನೊಬ್ಬ ಫೋಟೋ ಮುಗಿದ ಮೇಲೂ ಕೈ ತೆಗೆಯಲಿಲ್ಲ. ಸರಳಾ ಓಡಿಹೋಗಿ, "ಸರ್, ಹಿಂದೆ ಜನ ಇದಾರೆ," ಎಂದು ನಯವಾಗಿ ಹೇಳಿ ಅವನನ್ನು ಸಾಗಹಾಕಿದಳು. ಆ ನಯ ಅವಳಿಗೇ ನಾಲಿಗೆಯ ಮೇಲೆ ಜಿಡ್ಡಿನಂತೆ ಕೂತಿತು.

ಹನ್ನೆರಡಾಯಿತು. ಕಾರ್ಯಕ್ರಮ ನೋಡಿಕೊಳ್ಳುತ್ತಿದ್ದ ಅನಂತರಾಜು ಕಿವಿಗೆ ವೈರ್ ಸಿಕ್ಕಿಸಿಕೊಂಡು ಓಡಾಡುತ್ತಿದ್ದ. ಸರಳಾ ಅವನನ್ನು ತಡೆದಳು.

"ಇನ್ನೂ ಗೆಸ್ಟ್ಸ್ ಬರ್ತಿದಾರೆ ಮಿಸ್. ಫಿಫ್ಟೀನ್ ಮಿನಿಟ್ಸ್."

ಹನ್ನೆರಡೂವರೆಗೂ ಅದೇ ಮಾತು. ಒಂದು ಗಂಟೆಗೆ ಊಟ ಶುರುವಾಯಿತು. ವೇದಿಕೆಯ ಮೇಲೆ ಡಿ.ಜೆ. ಹತ್ತಿದ. ಇನ್ನು ಸ್ಟೇಜ್ ಸಿಗೋದಿಲ್ಲವೆಂದು ಆಗಲೇ ಸರಳಾಳಿಗೆ ಗೊತ್ತಾಗಿತ್ತು. ಆದರೂ ಅವಳು ಬಾಗಿಲ ಬಳಿ ಕಾಸ್ಟ್ಯೂಮಿನ ಚೀಲವನ್ನು ಎದೆಗವಚಿಕೊಂಡು ಕಾದೇ ಕಾದಳು. ಹುಡುಗಿಯರ ಬೆವರು ಬೂದು ಬಣ್ಣದಲ್ಲಿ ಗೀರುಗಳನ್ನು ಕೊರೆದುಕೊಂಡು ಇಳಿಯುತ್ತಿತ್ತು. ಕೈತೊಳೆಯುವ ಜಾಗ ಬಾಗಿಲ ಪಕ್ಕದಲ್ಲೇ ಇದ್ದದ್ದರಿಂದ ಉಂಡವರೆಲ್ಲ ಅವರ ಮುಂದೆಯೇ ತೇಗುತ್ತಾ, ಬಾಯಿ ಮುಕ್ಕಳಿಸುತ್ತಾ ಹೋದರು. ಪೀಠದ ಅಂಚು ಐಸ್‌ಕ್ರೀಮ್ ಕಪ್ಪು ಇಡುವ ಜಾಗವಾಯಿತು. ಕರಗಿದ ಗುಲಾಬಿ ದ್ರವ ಸ್ನೇಹಾಳ ಪಾದದ ಕೆಳಗೆ ಹರಿದು, ಅದಕ್ಕೆ ನೊಣ ಮುತ್ತಿದವು.

ಆಗ ಬಂದವನು ಪಿಳ್ಳಣ್ಣ, ಆನಂದಪ್ಪನ ಭಾವಮೈದ, ಚಿಕ್ಕಬಾಣಾವರದ ಕಡೆ ಲೇಔಟ್ ಮಾಡುವವನು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಾಯಲ್ಲಿ ಹಲ್ಲುಕಡ್ಡಿ. ಸ್ನೇಹಾಳ ಕೈಯ ಕನ್ನಡಿಯನ್ನು ನೋಡಿ ನಿಂತ. ಅದರ ಹತ್ತಿರಕ್ಕೆ ಮುಖ ತಂದು, ತುಟಿಯನ್ನು ಬೆರಳಿನಿಂದ ಮೇಲಕ್ಕೆಳೆದು, ಹಿಂದಿನ ಹಲ್ಲುಗಳ ಸಂದಿಯನ್ನು ಸಾವಕಾಶವಾಗಿ ಕೆದಕಿದ. ಕನ್ನಡಿಯ ಮೇಲೆ ಒಂದು ತುಣುಕು ಹಾರಿ ಅಂಟಿತು. ಸುತ್ತಲಿದ್ದ ನಾಲ್ಕು ಜನ ನಕ್ಕರು. ನಗು ಕೇಳಿ ಅವನಿಗೂ ಹುಮ್ಮಸ್ಸು ಬಂತು. ಎಂಜಲಿನಿಂದ ಒದ್ದೆಯಾಗಿದ್ದ ಆ ಕಡ್ಡಿಯನ್ನು ಸ್ನೇಹಾಳ ಹಣೆಯ ಬಳಿ ಕೂಡಿದ್ದ ಬೆರಳುಗಳ ನಡುವೆ ಸಿಕ್ಕಿಸಿ, "ಇಟ್ಕಳವ್ವಾ," ಅಂದ.

ಸ್ನೇಹಾ ಅಲ್ಲಾಡಲಿಲ್ಲ. ರೆಪ್ಪೆ ಮಾತ್ರ ಒಂದು ಸಲ ಮುಚ್ಚಿ ತೆರೆಯಿತು.

ಸರಳಾ ಚೀಲವನ್ನು ನೆಲಕ್ಕೆ ಹಾಕಿ ಹೋಗಿ, ಸ್ನೇಹಾಳ ಬೆವೆತ ಮಣಿಕಟ್ಟನ್ನು ಒಂದು ಕೈಯಲ್ಲಿ ಹಿಡಿದು, ಆ ಕಡ್ಡಿಯನ್ನು ಎರಡು ಬೆರಳಲ್ಲಿ ಎಳೆದುಕೊಂಡಳು. ಅದು ಇನ್ನೂ ಬೆಚ್ಚಗಿತ್ತು. ಪಿಳ್ಳಣ್ಣನ ಅಂಗಿಯ ಜೇಬಿಗೆ ಅದನ್ನು ಹಾಕಿ, ಮೇಲಿಂದ ಆ ಇನ್ನೊಂದು ಅಂಗೈಯಿಂದ ಒತ್ತಿದಳು. ಬೂದು ಬಣ್ಣದ ಐದು ಬೆರಳುಗಳು ಬಿಳಿ ಬಟ್ಟೆಯ ಮೇಲೆ ಮೂಡಿದವು.

"ಇದು ನಿಮ್ದು. ಬಿಟ್ಟು ಹೋಗ್ತಿದ್ರಿ."

"ಏಯ್, ಯಾರಮ್ಮಾ ನೀನು? ಮೈಮೇಲೆ ಕೈ ಆಕ್ತೀಯಾ?"

ಗಲಾಟೆ ಕೇಳಿ ಆನಂದಪ್ಪ ಬಂದರು. ನಾಲ್ಕು ಜನ ನಾಲ್ಕು ಬಗೆಯಲ್ಲಿ ಹೇಳಿದ್ದನ್ನು ಕೇಳಿಸಿಕೊಂಡು, ಸರಳಾಳನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು: "ಬುಡಮ್ಮಾ. ತಮಾಸೆಗೆ ಮಾಡವ್ನೆ. ಬೊಂಬೆ ಅಂದ್ಕಂಡವ್ನೆ."

"ಬೊಂಬೆ ಅಂದ್ಕೊಂಡಿಲ್ಲ ಆನಂದಪ್ಪನೋರೆ. ಬೊಂಬೆಗೆ ಯಾರೂ ಹಾಗೆ ಮಾಡಲ್ಲ. ಅಲ್ಲಾಡಲ್ಲ ಅಂತ ಗೊತ್ತಿರೋ ಮನುಷ್ಯರಿಗೇ ಮಾಡೋದು."

ಆನಂದಪ್ಪನ ಮುಖ ಚಿಕ್ಕದಾಯಿತು. ಅವರು ನಿಜಕ್ಕೂ ನೊಂದುಕೊಂಡಂತೆ ಕಂಡಿತು. "ತಪ್ಪಾಯ್ತು. ನಿಮ್ಗೆ ಸ್ಟೇಜ್ ತಾನೆ ಬೇಕು? ಈಗ್ಲೇ ಕೊಡ್ತೀನಿ. ಡಿ.ಜೆ.ನ ಕೆಳಕ್ಕೆ ಇಳುಸ್ತೀನಿ. ಬನ್ನಿ, ಉಡುಗೀರ ಮುಖ ತೊಳ್ಸಿ."

ಸರಳಾ ವೇದಿಕೆಯ ಕಡೆ ನೋಡಿದಳು. ಕೆಂಪು ಬೆಳಕು ತಿರುಗುತ್ತಿತ್ತು. ಕೆಳಗೆ ಜನ ತಟ್ಟೆ ಹಿಡಿದು ಬೆನ್ನು ತಿರುಗಿಸಿ ನಿಂತಿದ್ದರು. ಹತ್ತು ನಿಮಿಷ ಕೊಟ್ಟರೆ ಬಣ್ಣ ತೊಳೆಸಬಹುದು, ವರ್ಣದ ಮೊದಲ ಭಾಗ ಬಿಟ್ಟು ಕೊನೆಯದನ್ನು ಮಾತ್ರ ಆಡಿಸಬಹುದು ಎಂದು ಅವಳ ತಲೆ ಲೆಕ್ಕ ಹಾಕತೊಡಗಿತು. ಎಲ್ಲಿ ಕತ್ತರಿಸಬೇಕೆನ್ನುವ ಸಾಲು ಸಹ ಹೊಳೆಯಿತು. ಬೆರಳ ತುದಿಯಲ್ಲಿ ಆ ಮನುಷ್ಯನ ಎಂಜಲು ಇನ್ನೂ ಆರಿರಲಿಲ್ಲ. ಅಷ್ಟರಲ್ಲೇ ಅವಳು ಹೀಗೆ ಯೋಚಿಸುತ್ತಿದ್ದಳು. ಪಿಳ್ಳಣ್ಣನನ್ನು ಕಂಡಾಗ ಆಗಿದ್ದಕ್ಕಿಂತ ಹೆಚ್ಚಿನ ಅಸಹ್ಯ ಅವಳಿಗೆ ಆ ಕ್ಷಣ ತನ್ನ ಮೇಲೆಯೇ ಆಯಿತು.

"ಬೇಡ," ಅಂದಳು. ಆಮೇಲೆ ಜೋರಾಗಿ, "ಎಲ್ರೂ ಇಳೀರಿ," ಅಂದಳು.

ಐವರು ಇಳಿದರು. ಸ್ನೇಹಾ ಇಳಿಯಲಿಲ್ಲ. ಕಾಲು ಮರಗಟ್ಟಿ ಮಡಚಲು ಆಗುತ್ತಿರಲಿಲ್ಲ. ಇಬ್ಬರು ಹುಡುಗಿಯರು ತೊಡೆಗೆ ಕೈಕೊಟ್ಟು, ಸರಳಾ ಸೊಂಟ ಹಿಡಿದು, ಅವಳನ್ನು ಎತ್ತಿ ಇಳಿಸಬೇಕಾಯಿತು. ಅದನ್ನೂ ಯಾರೋ ವಿಡಿಯೋ ಮಾಡಿದರು. ಮೊಘಲ್ ತೋಟದ ಪಕ್ಕದಿಂದ ಹೊರಗೆ ಹೋಗುವಾಗ ಫರ್ಹಾನ್ ತಲೆ ತಗ್ಗಿಸಿ ಬಿಲ್ಲು ಎಳೆಯುತ್ತಲೇ ಇದ್ದ. ಅವರನ್ನು ನೋಡಿದನೋ ಇಲ್ಲವೋ ತಿಳಿಯಲಿಲ್ಲ.

ಅಟ್ಟೂರಿನ ಮನೆಯ ಹಿತ್ತಲ ನಲ್ಲಿಯ ಬಳಿ ಬಣ್ಣ ತೊಳೆಯಲು ಎರಡು ಗಂಟೆ ಹಿಡಿಯಿತು. ಸೋಪಿಗೆ ಹೋಗಲಿಲ್ಲ; ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಬೇಕಾಯಿತು. ಉಳಿದವರನ್ನು ತಾಯಂದಿರು ಬಂದು ಕರೆದುಕೊಂಡು ಹೋದರು. ಸ್ನೇಹಾಳ ಬೆನ್ನು ಉಜ್ಜುತ್ತಾ ಸರಳಾ, "ನೀನು ಒಂಚೂರೂ ಅಲ್ಲಾಡ್ಲಿಲ್ಲ ಕಣೇ," ಅಂದಳು. ಬೇರೆ ಏನು ಹೇಳಬೇಕೆಂದು ತೋಚಿರಲಿಲ್ಲ.

ಸ್ನೇಹಾ ತಿರುಗಿ ನೋಡಿದಳು. ಕಿವಿಯ ಹಿಂದೆ ಇನ್ನೂ ಬೂದು ಬಣ್ಣವಿತ್ತು.

"ಕನ್ನಡೀಲಿ ನೀವು ಕಾಣ್ತಿದ್ರಿ ಮಿಸ್. ಬ್ಯಾಗ್ ಹಿಡ್ಕೊಂಡು ನಿಂತಿದ್ರಿ. ಆ ಹುಡ್ಗ ಕಾಲಿಗೆ ಕಚಗುಳಿ ಇಟ್ಟಾಗ್ಲೂ ಇದ್ರಿ, ಆ ಹೆಂಗಸು ಕೆರೆದಾಗ್ಲೂ ಇದ್ರಿ. ಮಿಸ್ ಈಗ ಬರ್ತಾರೆ, ಈಗ ಬರ್ತಾರೆ ಅಂತ ನಾನು ಎಣಿಸ್ತಾ ಇದ್ದೆ."

ಸರಳಾಳ ಕೈ ನಿಂತಿತು. ಜನ ಹೆಚ್ಚಿದ್ದರು, ಅನಂತರಾಜು ಮಾತು ತಪ್ಪಿಸಿದ ಎಂದೆಲ್ಲ ಹೇಳಬಹುದಿತ್ತು.

"ಹೌದು. ನೋಡ್ತಾ ಇದ್ದೆ," ಅಂದಳು. "ಸ್ಟೇಜ್ ಸಿಗತ್ತೆ ಅಂತ ಸುಮ್ನಿದ್ದೆ."

ಸ್ನೇಹಾ ಟವೆಲ್ ತೆಗೆದುಕೊಂಡು, ಉಳಿದ ಬಣ್ಣವನ್ನು ತಾನೇ ಒರೆಸಿಕೊಂಡು, ಬಸ್ಸಿಗೆ ಹೋದಳು.

ಆ ವಾರ ಮೂವರು ಪಾಲಕರು ಮಕ್ಕಳನ್ನು ಬಿಡಿಸಿದರು. ದೊಡ್ಡವರ ಜೊತೆ ಜಗಳ ಯಾಕೆ ಅಂದರು. ಒಬ್ಬ ತಾಯಿ ಫೋನು ಮಾಡಿ, ಅನಂತರಾಜು ಹೆಬ್ಬಾಳದ ಹೋಟೆಲೊಂದಕ್ಕೆ ಶಿಲಾಬಾಲಿಕೆ ಬೇಕು ಅಂತಿದಾನೆ, ನಮ್ಮವಳನ್ನ ಕಳಿಸ್ಲಾ ಎಂದು ಕೇಳಿದಳು. ಸರಳಾ ನಡೆದದ್ದನ್ನು ಒಂದೂ ಬಿಡದೆ ಹೇಳಿದಳು, ಮುದುಕನ ಕೈಯನ್ನೂ, ತಾನು ನಯವಾಗಿ ಆಡಿದ ಮಾತನ್ನೂ ಸೇರಿಸಿ. ಆ ತಾಯಿ ಫೋನು ಇಟ್ಟಳು. ಆನಂದಪ್ಪ ಒಂದು ಬುಟ್ಟಿ ಹಣ್ಣು, ಸೀರೆ ಕಳಿಸಿದ್ದರು. ಅದನ್ನು ತಂದ ಡ್ರೈವರ್ ಮುನೇಶನ ಕೈಯಲ್ಲೇ ಸರಳಾ ವಾಪಸ್ ಕಳಿಸಿದಳು.

ಸ್ನೇಹಾ ಎರಡು ಗುರುವಾರ ಬರಲಿಲ್ಲ. ಮೂರನೆಯ ಗುರುವಾರ ಪಾಠ ಶುರುವಾಗಿ ಹತ್ತು ನಿಮಿಷಕ್ಕೆ ಬಂದಳು. ಯಾವಾಗಲೂ ನಿಲ್ಲುತ್ತಿದ್ದ ಮುಂದಿನ ಸಾಲಿಗೆ ಬರದೆ, ಎಂಟು ವರ್ಷದ ಮಕ್ಕಳ ಹಿಂದೆ, ಗೋಡೆಗೆ ಹತ್ತಿರ ನಿಂತಳು. ಸರಳಾ ಅವಳನ್ನು ಮುಂದೆ ಕರೆಯಲಿಲ್ಲ. ತಟ್ಟುಮಣೆಯ ಮೇಲೆ ಕೋಲು ಕುಟ್ಟಿ ತಾಳ ಹಾಕಿದಳು. ಹಿಂದಿನ ಸಾಲಿನಿಂದಲೂ ಒಂದು ಜೊತೆ ಕಾಲು ನೆಲಕ್ಕೆ ಬಿದ್ದ ಸದ್ದು ಅವಳಿಗೆ ಬೇರೆಯಾಗಿ ಕೇಳಿಸಿತು. ಆ ಸದ್ದಿನಲ್ಲಿ ಸಿಟ್ಟಿತ್ತು, ತಾಳ ತಪ್ಪಿರಲಿಲ್ಲ.