ಅತಿಥಿಗೆ ಗೋಧಿ ರೊಟ್ಟಿ

ಇಝಾ ಹಿಂದಿನ ಬೆಂಚಿನಲ್ಲಿ ಕೂತು ರೆಕಾರ್ಡರನ್ನು ಡೆಸ್ಕಿನ ಮೇಲಿಟ್ಟದ್ದೇ ತಡ, ತರಗತಿಗೆ ಎಂದಿನ ಗ್ರಹಣ ಹಿಡಿಯಿತು. ಆ ತನಕ ಗುಬ್ಬಿಗಳಂತೆ ಕಚಪಚ ಅನ್ನುತ್ತಿದ್ದ ಮಕ್ಕಳು ಬೆನ್ನು ನೆಟ್ಟಗೆ ಮಾಡಿ, ಕೈಕಟ್ಟಿ ಕೂತವು. ಮೇಷ್ಟ್ರು ಮೀಲೂದ್ ಗಂಟಲು ಸರಿಮಾಡಿಕೊಂಡು, ರೇಡಿಯೋದಲ್ಲಿ ವಾರ್ತೆ ಓದುವವನ ಹಾಗೆ ಪುಸ್ತಕದ ಅರಬ್ಬಿಯಲ್ಲಿ ಶುರು ಮಾಡಿದ. ಹಿಮ ಎಲ್ಲಿ ಬೀಳುತ್ತದೆ? ಪರ್ವತದ ಮೇಲೆ. ಹಿಮ ಕರಗಿದರೆ ಏನಾಗುತ್ತದೆ? ನೀರಾಗುತ್ತದೆ. ಅವನು ಅರ್ಧ ಹೇಳುವುದು, ಮಕ್ಕಳು ಒಟ್ಟಾಗಿ ಉಳಿದರ್ಧವನ್ನು ಕೂಗುವುದು. ಕಿಟಕಿಯಾಚೆ ನಿಜವಾದ ಪರ್ವತ ನಿಜವಾದ ಹಿಮ ಹೊತ್ತು ನಿಂತಿತ್ತು. ಅದರ ಕಡೆ ಒಂದು ಮಗುವೂ ತಿರುಗಿ ನೋಡಲಿಲ್ಲ.

ಇಝಾಳಿಗೆ ಬೇಕಾದದ್ದು ಇದಲ್ಲ. ಐತ್ ತಸ್ಕಾ ಎಂಬ ಈ ಬೆಟ್ಟದೂರಿನಲ್ಲಿ ಮಕ್ಕಳು ಮನೆಯಲ್ಲಿ ಆಡುವುದು ತಮಾಜಿಗ್ ಮಾತು, ಶಾಲೆಯಲ್ಲಿ ಓದುವುದು ಸರ್ಕಾರ ಗೊತ್ತುಮಾಡಿದ ಅರಬ್ಬಿ. ಆದರೂ ಬಾಗಿಲು ಮುಚ್ಚಿದ ಮೇಲೆ ಮೇಷ್ಟ್ರು ತಮಾಜಿಗ್‌ನಲ್ಲೇ ಪಾಠ ಬಿಡಿಸಿ ಹೇಳುತ್ತಾನೆ, ಮಕ್ಕಳು ಪ್ರಶ್ನೆಗಳ ಮಳೆ ಸುರಿಸುತ್ತಾರೆ ಎಂದು ಇಡೀ ಊರು ಹೇಳುತ್ತಿತ್ತು. ಆ ಮಾತುಕತೆಯನ್ನು ಹಿಡಿದುಕೊಂಡು ಹೋಗಿ, ತಾಯ್ನುಡಿಯಲ್ಲಿ ಮಗು ಹೇಗೆ ಯೋಚಿಸುತ್ತದೆ ನೋಡಿ ಎಂದು ತೋರಿಸುವುದೇ ಅವಳ ಪಿಎಚ್.ಡಿ. ಬೇಸಿಗೆ ರಜೆ ಬರುವುದರೊಳಗೆ ಒಂದಾದರೂ ಅಂಥ ಪಾಠ ಕೈಗೆ ಸಿಗದಿದ್ದರೆ ಪ್ರಬಂಧವಿಲ್ಲ. ರಾಜಧಾನಿ ರಬಾತ್‌ನಲ್ಲಿದ್ದ ಅವಳ ಮಾರ್ಗದರ್ಶಕ ಪ್ರೊಫೆಸರ್ ಝಹ್ರಾವಿ ಅದನ್ನು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಚಳಿಗಾಲ ಕಳೆದು ಬಾದಾಮಿ ಮರ ಹೂಬಿಟ್ಟು ಉದುರಿಸಿದ್ದೂ ಆಯಿತು, ಅವಳ ಬಳಿ ಇದ್ದದ್ದು ಬರೀ ಕೋರಸ್ಸು.

ಉಪಾಯಗಳಿಗೇನೂ ಕಮ್ಮಿ ಇರಲಿಲ್ಲ. ಒಮ್ಮೆ ರೆಕಾರ್ಡರನ್ನು ಕಿಟಕಿಯ ಮೇಲೆ ಬಿಟ್ಟು ತಾನು ಹೊರಗೆ ಹೋಗಿದ್ದಳು. ದಾರಿಯ ತಿರುವು ದಾಟುವಷ್ಟರಲ್ಲಿ ಎರಡು ಮಕ್ಕಳು ಏದುಸಿರು ಬಿಡುತ್ತ ಓಡಿಬಂದು, ಲಲ್ಲಾ, ಅಂದರೆ ಅಮ್ಮಾವ್ರೇ, ನಿಮ್ಮ ಸಾಮಾನು ಮರೆತಿದ್ದೀರಿ ಎಂದು ಚೊಕ್ಕ ಅರಬ್ಬಿಯಲ್ಲಿ ಹೇಳಿ ಕೈಗಿತ್ತು ಹೋದವು. ಮಿಠಾಯಿ ಹಂಚಿದಳು. ಮಕ್ಕಳು ಮಿಠಾಯಿ ತಿಂದು ಅರಬ್ಬಿಯಲ್ಲಿ ದೇವರು ಒಳ್ಳೆಯದು ಮಾಡಲಿ ಅಂದವು. ಅಷ್ಟು ಮರ್ಯಾದೆ ಕಂಡು ಅವಳಿಗೆ ಮೈ ಪರಚಿಕೊಳ್ಳುವಂತಾಯಿತು.

ಅದರಲ್ಲೂ ತೂದಾ ಎಂಬ ಹುಡುಗಿ. ಇಝಾ ಉಳಿದುಕೊಂಡಿದ್ದ ಮನೆಯೊಡತಿ ಮುದುಕಿ ರಬ್ಹಾಳ ಮೊಮ್ಮಗಳು. ಮೇಕೆ ಕಾಯುವಾಗ ಅವಳ ಬಾಯಿ ಆಚೆ ದಿಬ್ಬಕ್ಕೂ ಕೇಳುತ್ತಿತ್ತು. ಯಾವ ಮೇಕೆ ಯಾಕೆ ಮುನಿಸಿಕೊಂಡಿದೆ ಎಂಬುದರ ಮೇಲೆ ಭಾಷಣವನ್ನೇ ಬಿಗಿಯುತ್ತಿದ್ದಳು. ಇಝಾ ಹತ್ತಿರ ಹೋದಳೋ, ಬಾಯಿಗೆ ಬೀಗ. ತರಗತಿಯಲ್ಲಂತೂ ಕೋರಸ್ಸಿಗೂ ತುಟಿ ಬಿಚ್ಚದವಳು.

ರಬ್ಹಾಳ ಮನೆಯಲ್ಲಿ ಇನ್ನೊಂದು ಕಾಟ. ಮನೆಯವರೆಲ್ಲ ಬಾರ್ಲಿ ರೊಟ್ಟಿ ಮುರಿದು ತಿನ್ನುವಾಗ ಇಝಾಳ ಮುಂದೆ ಮಾತ್ರ ಬಿಳಿ ಗೋಧಿ ರೊಟ್ಟಿ, ಬೆಣ್ಣೆ, ಜೇನು. ನನಗೂ ಬಾರ್ಲಿಯೇ ಕೊಡಿ, ನಾನು ಈ ಕಣಿವೆಯ ಮಗಳೇ ಎಂದು ಅವಳು ಎಷ್ಟು ಸಲ ಹೇಳಿದರೂ ಕಲ್ಲಿನ ಮೇಲೆ ಮಳೆ ಸುರಿದ ಹಾಗೆ. ಅವಳ ಮಾತೇನೂ ಸುಳ್ಳಲ್ಲ. ಅಪ್ಪ ಪಕ್ಕದ ಊರಿನವನೇ. ಅರಣ್ಯ ಇಲಾಖೆಯ ಕೆಲಸ ಸಿಕ್ಕಿ, ಎಳೆಗೂಸಾದ ಇಝಾಳನ್ನು ಎತ್ತಿಕೊಂಡು ಕೆಳಗಿನ ಮೆಕ್ನೆಸ್ ಪಟ್ಟಣಕ್ಕೆ ಇಳಿದವನು. ಮಕ್ಕಳು ಶಾಲೆಯಲ್ಲಿ ಹಿಂದೆ ಬೀಳಬಾರದೆಂದು ಮನೆಯೊಳಗೆ ತಮಾಜಿಗ್ ಮಾತೇ ಬೇಡ ಎಂದು ಕಟ್ಟಪ್ಪಣೆ ಮಾಡಿದ್ದ. ಅಜ್ಜಿ ಕದ್ದುಮುಚ್ಚಿ ಆ ಮಾತಿನಲ್ಲಿ ಹೇಳಿದ್ದಷ್ಟು ಕಿವಿಯಲ್ಲಿ ಉಳಿದಿತ್ತು. ಇಝಾಳಿಗೆ ಎಲ್ಲವೂ ಅರ್ಥವಾಗುತ್ತಿತ್ತು. ವಿಶ್ವವಿದ್ಯಾಲಯಕ್ಕೆ ತನ್ನ ತಾಯ್ನುಡಿ ತಮಾಜಿಗ್ ಎಂದು ಬರೆದುಕೊಟ್ಟಾಗ ಅವಳು ಎರಡನೇ ಸಲ ಯೋಚಿಸಿರಲಿಲ್ಲ.

ಆ ದಿನದ ಹಿಮದ ಪಾಠ ಮುಗಿದ ಮೇಲೆ ಅವಳ ತಾಳ್ಮೆ ಹರಿಯಿತು. ಮೀಲೂದ್ ಕಪ್ಪು ಹಲಗೆ ಒರೆಸುತ್ತಿದ್ದ. ನೇರವಾಗಿ ಹೋಗಿ, ನಿಮ್ಮ ಕೆಲಸಕ್ಕೆ ಕುತ್ತು ತರುವವಳಲ್ಲ ನಾನು, ನಿಮ್ಮ ಹೆಸರು ಎಲ್ಲೂ ಬರೆಯುವುದಿಲ್ಲ, ಇನ್ಯಾಕೆ ಈ ನಾಟಕ ಎಂದು ಕೇಳಿದಳು. ಮೀಲೂದ್ ಬಯಲುಸೀಮೆಯ ಅರಬ. ಇಲ್ಲಿಗೆ ಬಂದಾಗ ಅವನಿಗೆ ತಮಾಜಿಗ್‌ನಲ್ಲಿ ನೀರು ಕೇಳಲೂ ಬರುತ್ತಿರಲಿಲ್ಲ, ಮಕ್ಕಳೇ ಕಲಿಸಿದವರು. ಅವನು ಒರೆಸುವ ಬಟ್ಟೆಯನ್ನು ಮಡಚಿಟ್ಟ.

"ಕೆಲಸದ ಭಯ ಅಲ್ಲ ಮೇಡಂ," ಅಂದ. "ನನ್ ತಮಾಜಿಗ್ ಕೇಳಿದ್ರೆ ಕತ್ತೇನೂ ನಗುತ್ತೆ. ಈ ಹುಡುಗ್ರ ಮುಂದೆ ಪರವಾಗಿಲ್ಲ, ನಗ್ತಾವೆ, ತಿದ್ದುತಾವೆ, ನಾನೂ ನಗ್ತೀನಿ. ನೀವು ಆ ಭಾಷೆ ಮೇಲೇ ಡಾಕ್ಟರ್ ಆಗೋರು. ನಿಮ್ಮೆದುರಿಗೆ ಅದರ ಕೈಕಾಲು ಮುರಿಯೋಕೆ ನಂಗೆ ನಾಚಿಕೆ."

"ನಾನೇನು ಪರೀಕ್ಷೆ ತಗೊಳ್ಳೋಕೆ ಬಂದಿದೀನಾ?"

"ಹಂಗಾದ್ರೆ ನೀವ್ಯಾಕೆ ಒಂದ್ ದಿನಾನೂ ಅದ್ರಲ್ಲಿ ಮಾತಾಡಲ್ಲ?"

ಇದೆಂಥ ಅಧಿಕಪ್ರಸಂಗ ಎಂದು ಇಝಾ ಸಿಡಿಮಿಡಿಗೊಂಡು ಹೊರಬಿದ್ದಳು. ಮಾತಾಡುವುದಿಲ್ಲವಂತೆ! ಅವಳೇನು ಮೂಗಿಯೇ? ಮನೆ ತಲುಪಿದವಳೇ ತಾರಸಿ ಹತ್ತಿ ಪ್ರೊಫೆಸರ್‌ಗೆ ಫೋನ್ ಮಾಡಿದಳು. ಊರಲ್ಲಿ ಸಿಗ್ನಲ್ ಸಿಗುವುದು ಅಲ್ಲೊಂದೇ ಕಡೆ. ಮೇಷ್ಟ್ರು ಹೆದರುಪುಕ್ಕಲ, ಊರಿನವರು ಗುಟ್ಟು ಬಿಡದವರು, ಮಕ್ಕಳು ಗಿಳಿಗಳು ಎಂದು ಇದ್ದಬದ್ದ ಹೊಟ್ಟೆಯುರಿಯನ್ನೆಲ್ಲ ಸುರಿದಳು. ಝಹ್ರಾವಿ ಎಲ್ಲವನ್ನೂ ಕೇಳಿಸಿಕೊಂಡು, ರೆಕಾರ್ಡರ್ ಕೇಳಿ ನೀನು ಬರೆದು ಕಳಿಸಿದ್ದೆಲ್ಲ ಮೇಷ್ಟ್ರ ಮೊದಲ ಮಾತಿನಿಂದಲೇ ಶುರುವಾಗುತ್ತದಲ್ಲ, ಗುಂಡಿ ಒತ್ತುವುದು ಅದಕ್ಕೆ ಮುಂಚೆ, ಬಾಗಿಲಲ್ಲೇ ತಾನೆ, ಆ ಮೊದಲಿನದೇನಾಯಿತು ಎಂದು ಕೇಳಿದರು. ಅದು ಬರೀ ಗಲಾಟೆ, ಬೆಂಚು ಎಳೆಯುವ ಸದ್ದು, ಅದಕ್ಕೇ ಕತ್ತರಿಸಿದೆ ಅಂದಳು. ಕೇಳಿ ನೋಡು ಎಂದಷ್ಟೇ ಹೇಳಿ ಅವರು ಫೋನಿಟ್ಟರು.

ಮುದುಕರಿಗೆ ಬೇರೆ ಕೆಲಸವಿಲ್ಲ ಎಂದುಕೊಂಡೇ ಇಝಾ ಇಯರ್‌ಫೋನ್ ಸಿಕ್ಕಿಸಿಕೊಂಡಳು. ಒಣಹಾಕಿದ್ದ ಉಣ್ಣೆಯ ಪಕ್ಕ ಬಿಸಿಲಿಗೆ ಬೆನ್ನು ಕೊಟ್ಟು ಕೂತಳು. ಬಾಗಿಲು ಕಿರುಗುಟ್ಟಿತು. ಒಳಗೆ ಮಕ್ಕಳು ತಮಾಜಿಗ್‌ನಲ್ಲಿ ಜಗಳವಾಡುತ್ತಿದ್ದರು: ಹಿಮ ನೆಲದೊಳಗೆ ಇಳಿಯುತ್ತದೆಯೋ, ಆಕಾಶಕ್ಕೆ ವಾಪಸು ಹೋಗುತ್ತದೆಯೋ? ಇಳಿಯುತ್ತದೆ, ನಮ್ಮ ಮೇಕೆ ಕುಡಿಯುವ ಊಟೆಯ ನೀರು ಮತ್ತೆಲ್ಲಿಂದ ಬಂತು ಎಂದು ಒಂದು ಗಟ್ಟಿ ಗಂಟಲು ವಾದಿಸುತ್ತಿತ್ತು. ಅದು ತೂದಾಳ ಗಂಟಲು. ಅಷ್ಟರಲ್ಲಿ ಒಬ್ಬ ಹೆಂಗಸಿನ ದನಿ ಮೆಕ್ನೆಸ್‌ನ ನಯವಾದ ಅರಬ್ಬಿಯಲ್ಲಿ, ಶುಭೋದಯ ಮಕ್ಕಳೇ, ಕೂತುಕೊಳ್ಳಿ, ನಾನಿದ್ದೇನೆಂದು ನಾಚಬೇಡಿ ಅಂದಿತು. ಬೆಂಚು ಎಳೆದ ಸದ್ದು. ಆಮೇಲೆ ಸುಡುಗಾಡಿನ ಮೌನ.

ಯಾರಪ್ಪಾ ಇವಳು, ಇನ್ಸ್‌ಪೆಕ್ಟರ್ ಹೆಂಡತಿಯ ಹಾಗೆ, ಎಂದು ಇಝಾಳಿಗೆ ಅರೆಕ್ಷಣ ಅನ್ನಿಸಿಯೂಬಿಟ್ಟಿತು. ಇನ್ನೊಂದು ದಿನದ್ದನ್ನು ಹಾಕಿದಳು. ಮತ್ತೊಂದು. ಎಲ್ಲದರಲ್ಲೂ ಅದೇ ಕಚಪಚ, ಅದೇ ನಯವಾದ ಶುಭೋದಯ, ಅದೇ ಮೌನ. ದನಿ ತನ್ನದೇ. ಅವಳು ಬೇಡಿ ಬೇಡಿ ಸುಸ್ತಾದ ಮಾತು ಪ್ರತಿ ಬೆಳಗ್ಗೆ ಅಲ್ಲಿ ಇದ್ದೇ ಇತ್ತು, ಪ್ರತಿ ಬೆಳಗ್ಗೆ ಅವಳೇ ಬಂದು ಅದರ ಬಾಯಿ ಮುಚ್ಚಿಸಿದ್ದಳು. ಕುಣಿಯಲಾರದವಳು ಇಷ್ಟು ದಿನ ನೆಲ ಡೊಂಕು ಎಂದು ಊರೆಲ್ಲ ಸಾರಿದ್ದಾಯಿತು. ಸಿಟ್ಟು ಹೋಗಲಿಲ್ಲ, ಈಗ ಅದನ್ನು ಯಾರ ಮೇಲೆ ತೀರಿಸುವುದೆಂದು ತಿಳಿಯದೆ ಒಳಗೇ ಕುದಿಯಿತು.

ಕೆಳಗಿಳಿದು ಬಂದಾಗ ರಬ್ಹಾ ಒಲೆಯ ಮುಂದೆ ಹಿಟ್ಟು ನಾದುತ್ತಿದ್ದಳು, ಬೇರೆ ಬೇರೆ ಪರಾತಗಳಲ್ಲಿ ಬಾರ್ಲಿಯದೂ ಗೋಧಿಯದೂ. ಈ ಊರಿನಲ್ಲಿ ಮೀಲೂದ್‌ನಿಗೆ ಯಾವ ರೊಟ್ಟಿ ಕೊಡುತ್ತೀರಿ ಎಂದು ಇಝಾ ಕೇಳಿದಳು. ಕೇಳಿದ್ದೂ ಅರಬ್ಬಿಯಲ್ಲೇ ಎಂಬುದು ಕೇಳಿದ ಮೇಲೆ ಹೊಳೆಯಿತು.

"ಅವ್ನಿಗಾ? ಬಾರ್ಲಿ," ಅಂದಳು ಮುದುಕಿ, ನಗುತ್ತ. "ಬಂದ ವರ್ಷ ಗೋಧೀನೇ ಇಕ್ತಿದ್ವಿ. ಆಮೇಲೆ ನಮ್ಮ ತಮ್ಮನ ಮಗಳ ಮದುವೇಲಿ ನಮ್ ಮಾತಲ್ಲಿ ಹರಸ್ತೀನಿ ಅಂತ ಎದ್ ನಿಂತು ಅದೇನೇನೋ ಒದರಿದ. ಹೆಂಗಸ್ರೆಲ್ಲ ಬಿದ್ ಬಿದ್ ನಕ್ಕೋ. ಅವತ್ತಿಂದ ನಮ್ಮೋನೇ ಆಗೋದ."

"ನನ್ ಮೇಲೆ ಯಾವತ್ತಾದ್ರೂ ನಕ್ಕಿದೀರಾ?"

ರಬ್ಹಾ ಹಿಟ್ಟಿನ ಕೈ ಎತ್ತಿ ಅವಳನ್ನೇ ನೋಡಿದಳು. "ಅದೇನ್ ಮಾತು ಮಗಳೇ. ಅತಿಥಿ ಮೇಲೆ ಯಾರಾದ್ರೂ ನಗ್ತಾರಾ? ನಮ್ಗೇನು ಸಂಸ್ಕಾರ ಇಲ್ವಾ?"

ಮರುದಿನ ಇಝಾ ದಾರಿಯುದ್ದಕ್ಕೂ ಒಂದೇ ವಾಕ್ಯವನ್ನು ಬಾಯಿಪಾಠ ಮಾಡುತ್ತ ಹೋದಳು. ಹಿಮದ ನೀರು ನಿಮ್ಮ ಮೇಕೆಗಳ ಊಟೆಗೆ ಹೇಗೆ ಬರುತ್ತದೆ, ನನಗೆ ಹೇಳುತ್ತೀರಾ? ಅಷ್ಟೇ. ಅಜ್ಜಿಯ ದನಿಯಲ್ಲಿ ಅದು ತಲೆಯೊಳಗೆ ಸಲೀಸಾಗಿ ಹರಿಯುತ್ತಿತ್ತು. ಬಾಗಿಲ ಬಳಿ ರೆಕಾರ್ಡರಿನ ಗುಂಡಿ ಒತ್ತಿದಳು. ಒಳಗೆ ಕಾಲಿಟ್ಟು, ಈ ಸಲ ಶುಭೋದಯ ಹೇಳದೆ, ತಮಾಜಿಗ್‌ನಲ್ಲೇ ಶುರು ಮಾಡಿದಳು.

ಹಿಮ ಅನ್ನುವವರೆಗೆ ಬಂತು. ನೀರು ಬಂತು. ಆಮೇಲೆ ಏನೂ ಬರಲಿಲ್ಲ. ನಾಲಿಗೆ ಅತ್ತ ಹೊರಳಿ ಇತ್ತ ಹೊರಳಿ ನಿಂತಿತು. ಗೊತ್ತಿದ್ದ ಪದಗಳೆಲ್ಲ ಕಿವಿಯಲ್ಲೇ ಉಳಿದುಕೊಂಡು ಬಾಯಿಗೆ ಇಳಿಯಲು ಒಪ್ಪಲಿಲ್ಲ. ಮತ್ತೆ ಮೊದಲಿನಿಂದ ಹೇಳಿದಳು. ಮೇಕೆ ಅನ್ನಲು ಹೋಗಿ ಇನ್ನೇನೋ ಅಂದಳು. ಬೆವರಿದಳು. ಹಲಗೆಯ ಬಳಿ ನಿಂತಿದ್ದ ಮೀಲೂದ್ ನೆಲ ನೋಡಿದ. ಈಗ ನಗುತ್ತಾರೆ ಎಂದು ಅವಳು ಕಾದಳು. ಅವನನ್ನು ನೋಡಿ ನಕ್ಕ ಮಕ್ಕಳೇ ತಾನೆ ಇವರು? ನಗಬೇಕು, ತಿದ್ದಬೇಕು, ಕೂಗಾಡಬೇಕು.

ಒಬ್ಬರೂ ನಗಲಿಲ್ಲ. ಬೆನ್ನು ನೆಟ್ಟಗೆ ಮಾಡಿ, ಕೈಕಟ್ಟಿ, ಕಣ್ಣಲ್ಲಿ ಕನಿಕರ ತುಂಬಿಕೊಂಡು ಕೂತಿದ್ದರು. ಕೊನೆಗೆ ಮೂರನೆಯ ಸಾಲಿನಲ್ಲಿ ತೂದಾ ಎದ್ದು ನಿಂತಳು. ಇಡೀ ವರ್ಷ ತರಗತಿಯಲ್ಲಿ ಇಝಾ ಬಂದಾಗ ತುಟಿ ಬಿಚ್ಚದ ಹುಡುಗಿ ಒಂದೊಂದೇ ಪದ ಆರಿಸಿ, ಒಂದೂ ತಪ್ಪಿಲ್ಲದ ಅರಬ್ಬಿಯಲ್ಲಿ ಹೇಳಿದಳು:

"ಪರವಾಗಿಲ್ಲ ಲಲ್ಲಾ, ನೀವು ಅರಬ್ಬೀಲೇ ಹೇಳಿ. ನಮಗೆ ಅರ್ಥ ಆಗತ್ತೆ."

ಹೇಳಿ, ಅತಿಥಿಗೆ ತಟ್ಟೆ ಇಟ್ಟು ಸರಿಯುವವಳ ಹಾಗೆ ಮೆತ್ತಗೆ ಕೂತಳು. ರೆಕಾರ್ಡರಿನ ಕೆಂಪು ದೀಪ ಉರಿಯುತ್ತಲೇ ಇತ್ತು. ಇಝಾ ಅದನ್ನು ಆರಿಸಲಿಲ್ಲ. ಯಾರಾದರೂ ಒಬ್ಬರು ನಗಲಿ ಎಂದು ಇನ್ನೂ ಕಾಯುತ್ತ ನಿಂತೇ ಇದ್ದಳು.