ಡಬ್ಬಿಯಲ್ಲಿದ್ದ ಕನ್ನಡ ಚೀಟಿ

ಗಡಿಯಾಚೆಯ ಮರಾಠಿ ಸೀಮೆಯ ಕಂದಲಗಾಂವದ ಸಮಾಜಮಂದಿರದಲ್ಲಿ ಅಂದು ಪೊಲೀಸರ ಸಭೆ. ಊರಿನ ಬೀಟ್‌ಗೆ ಹೊಸದಾಗಿ ಬಂದಿದ್ದ ಹವಾಲ್ದಾರ್ ಸೋನಾಲಿ ಮೇಜಿನ ಮೇಲೆ ತಗಡಿನ ಡಬ್ಬಿಯಿಟ್ಟಳು. ಊರಿಗೆ ಯಾವ ತೊಂದರೆ ದೊಡ್ಡದು ಎಂದು ಊರವರೇ ಬರೆದು ಹಾಕಲಿ, ಪೊಲೀಸರು ಅದನ್ನೇ ಮೊದಲು ಹಿಡಿಯುತ್ತಾರೆ ಎಂದು ಮರಾಠಿಯಲ್ಲಿ ವಿವರಿಸಿದಳು. "ಹೆಸರು ಬೇಡ. ಹೆದರಬೇಡಿ."

ನೀಲಗಂಗಾ ಹೆದರದೆ ಬರೆದಳು. ಇಂಡಿ ಕಡೆಯಿಂದ ಸೊಸೆಯಾಗಿ ಬಂದು ಇಪ್ಪತ್ತು ವರ್ಷವಾದರೂ ಅವಳ ಕೈಗೆ ಒಗ್ಗಿದ್ದು ಕನ್ನಡವೇ. ಧರ್ಮರಾಜನ ಮರಳಿನ ಟ್ರ್ಯಾಕ್ಟರುಗಳು ನಂಬರಿಲ್ಲದೆ ಶಾಲೆಯ ದಾರಿಯಲ್ಲಿ ಓಡುತ್ತವೆ. ನೆರೆಮನೆಯ ಗುರುಬಾಯಿಯ ಕಾಲು ಮುರಿದದ್ದು ಊರು ಹೇಳುವಂತೆ ಎತ್ತು ಹಾಯ್ದಲ್ಲ, ಟ್ರ್ಯಾಕ್ಟರು ಬಡಿದು. ಅಷ್ಟೇ ಬರೆದಳು.

ಸೋನಾಲಿ ಒಂದೊಂದೇ ಚೀಟಿ ಓದತೊಡಗಿದಳು. ಎಲ್ಲವೂ ಮರಾಠಿ. ಒಂದರ ಬಳಿ ತಡೆದಳು.

"ಇದು ಕನ್ನಡ. ಯಾರು ಓದುತ್ತೀರಿ?"

ಮುಂದಿನ ಕುರ್ಚಿಯಿಂದ ಕೈ ಚಾಚಿದವನು ಧರ್ಮರಾಜನೇ. ಊರ ಸಮಿತಿಯ ಅಧ್ಯಕ್ಷ. ಎರಡು ಸಲ ಓದಿದ.

"ಬೀದಿದೀಪ ಬೇಕಂತ," ಎಂದು ಚೀಟಿ ಮಡಚಿ ಕಿಸೆಗೆ ಹಾಕಿಕೊಂಡ.

ಊರಲ್ಲಿ ಕನ್ನಡ ಆಡುವವರು ಬಹಳ, ಓದುವವರು ಒಬ್ಬಿಬ್ಬರು, ಬರೆಯುವವಳು ಒಬ್ಬಳೇ. ಏಳಲು ಹೊರಟ ನೀಲಗಂಗಾಳ ಸೆರಗನ್ನು ಗಂಡ ಗುರುಸಿದ್ಧ ಹಿಡಿದೆಳೆದ. "ಸುಮ್ನ ಕೂಡು."

ಮರುದಿನ ಬೆಳಿಗ್ಗೆ ಧರ್ಮರಾಜ ಮನೆಗೇ ಬಂದ. ಚಹಾ ಕುಡಿದ.

"ಅಕ್ಕಾರ, ನಿಮ್ಮ ಅಕ್ಷರ ಭಾಳ ಚೆಂದ ಅದಾವ ನೋಡ್ರಿ. ನಿಮ್ಮ ಮಗಳು ಪ್ರಣಿತಾ ದಿನಾ ಸ್ಕೂಟಿ ಮ್ಯಾಲ ಕಾಲೇಜಿಗೆ ಹೋಗ್ತಾಳಲ್ಲ? ನಮ್ಮ ಹುಡುಗ್ರು ಹುಚ್ಚರಂಗ ಗಾಡಿ ಹೊಡಿತಾರ. ಜ್ವಾಕಿರಿ."

ಗುರುವಾರ ಪ್ರಣಿತಾ ಮೊಣಕೈ ತರಚಿಕೊಂಡು ಬಂದಳು. ಸ್ಕೂಟಿಯ ಕನ್ನಡಿ ಇರಲಿಲ್ಲ.

"ಬೇಕಂತ ಟ್ರ್ಯಾಕ್ಟರ್ ತಾಗಿಸ್ಯಾನವ್ವಾ. ಹಿಂದ ಹೊಳ್ಳಿ ನೋಡಿ ನಕ್ಕ."

ನೀಲಗಂಗಾ ಚಪ್ಪಲಿ ಮೆಟ್ಟಿದಳು. ಗುರುಸಿದ್ಧ ಬಾಗಿಲಿಗೆ ಅಡ್ಡ ನಿಂತ. "ಅವನ ಜೋಡಿ ವೈರ ಕಟ್ಟಿಕೊಂಡು ಈ ಊರಾಗ ಬಾಳೂದು ಹೆಂಗ?"

"ನಾಳಿ ಕೂಸು ಮತ್ತ ಅದ ದಾರೀಲೆ ಹೋಗಬೇಕಲ್ಲ?"

ಅವನು ಸರಿದು ನಿಂತ.

ಠಾಣೆಯಲ್ಲಿ ಸೋನಾಲಿ ಎಲ್ಲವನ್ನೂ ಕೇಳಿ ಮೇಲಕ್ಕೆ ಕಳಿಸಿದ್ದ ಪಟ್ಟಿಯ ಪ್ರತಿ ತೆಗೆದಳು. ಕಂದಲಗಾಂವ: ಒಂದು, ಬೀದಿದೀಪ. ಹಾಳೆಯನ್ನು ಮೇಜಿನ ಮೇಲೆ ಮಗುಚಿಟ್ಟಳು.

"ತಪ್ಪು ನನ್ನದು. ಆದರೆ ಈಗ ಬಾಯಿಮಾತು ಸಾಲದು. ಹೆಸರು ಹಾಕಿ ಅರ್ಜಿ ಕೊಡಬೇಕು. ಊರಿಗೆ ಗೊತ್ತಾಗುತ್ತದೆ."

"ಊರಿಗೆ ಗೊತ್ತೈತ್ರಿ."

ಮೂಲೆಯ ಮೇಜಿನಲ್ಲಿದ್ದ ಕಾರಕೂನ ಮರಾಠಿಯಲ್ಲಿ ಬರೆದುಕೊಟ್ಟ ಅರ್ಜಿಗೆ ಅವಳು ಸಹಿ ಹಾಕಿದಳು.

"ಜೀಪು ಬಂದೋಬಸ್ತಿಗೆ ಅಕ್ಕಲಕೋಟಕ್ಕೆ ಹೋಗಿದೆ," ಎಂದಳು ಸೋನಾಲಿ. "ನಾಳೆ ಬೆಳಿಗ್ಗೆ ನಾನೇ ಬರುತ್ತೇನೆ. ಅಲ್ಲಿವರೆಗೆ ಮಗಳನ್ನು ಹೊರಗೆ ಬಿಡಬೇಡಿ."

ನಾಲ್ಕು ಗಂಟೆಗೆ ನೀಲಗಂಗಾ ಊರ ಕವಲುದಾರಿಯ ಫಾಟಾದಲ್ಲಿ ಬಸ್ಸಿಳಿದಾಗ ಧರ್ಮರಾಜ ಚಹಾದಂಗಡಿಯ ಬೆಂಚಿನ ಮೇಲೆ ಕೂತಿದ್ದ. ಫೋನು ಕಿವಿಯಿಂದ ಇಳಿಸಿದ.

"ಅರ್ಜಿ ಮರಾಠ್ಯಾಗ ಬರಸೀರಂತ? ಛಲೋ ಆತು ಬಿಡ್ರಿ. ಎಲ್ಲಾರಿಗೂ ಓದಾಕ ಬರ್ತದ."

ಓಡಬಾರದೆಂದುಕೊಂಡು ನಡೆದಳು. ದಾರಿಯುದ್ದಕ್ಕೂ ಯಾರೂ ಮಾತಾಡಿಸಲಿಲ್ಲ. ಗುರುಬಾಯಿ ಕೂಡ ಕಟ್ಟೆಯಿಂದೆದ್ದು ಕುಂಟುತ್ತ ಒಳಗೆ ಹೋದಳು. ಪ್ರಣಿತಾ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ನೀಲಗಂಗಾ ಮಗಳ ಕೈ ಹಿಡಿದು ಒಳಗೆ ಕರೆದೊಯ್ದು ಅಗಳಿ ಹಾಕಿದಳು.

ಹೊರಗೆ ಟ್ರ್ಯಾಕ್ಟರೊಂದು ಬಂದು ನಿಂತಿತು. ಇಂಜಿನ್ ಆರಿಸಲಿಲ್ಲ.